ಬೆಂಕಿಯ ಹೆಸರಿಗೆ ಹಾಕಿದ್ದು

ಆ ಕ್ಯಾಸೆಟ್ಟನ್ನು ಬೆಂಕಿ ಸುಡಲಿಲ್ಲ. ನಾನು ಅಳಿಸಿದೆ. ಅಳಿಸಿ, ತಪ್ಪನ್ನು ಬೆಂಕಿಯ ಹೆಸರಿಗೆ ಹಾಕಿ, ಒಂದು ವರ್ಷದ ಕಾಲ ಎಲ್ಲರ ಅನುಕಂಪವನ್ನು ಸುಮ್ಮನೆ ಸ್ವೀಕರಿಸುತ್ತಾ ಕುಳಿತೆ — ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಪೀಠಿಕೆ ಹಾಕಲು ಹೊರಟರೆ ನನ್ನ ಬುದ್ಧಿ ನನಗೆ ಗೊತ್ತು. ಪೀಠಿಕೆಯಲ್ಲೇ ಅರ್ಧ ತಪ್ಪನ್ನು ಕರಗಿಸಿಬಿಡುತ್ತೇನೆ.

ಇದನ್ನು ಅಳುತ್ತಾ ಬರೆಯುತ್ತಿಲ್ಲ. ಅಳುವ ಕಾಲ ಮುಗಿದಿದೆ. ಬಿಗಿಯಾದ ಚಪ್ಪಲಿಯನ್ನು ಕಳಚಿ ಕಾಲು ಚಾಚಿ ಕುಳಿತಾಗ ಹಾಯೆನಿಸುತ್ತದಲ್ಲ, ಅಂಥದ್ದೇ ನಿರಾಳದಲ್ಲಿ ಬರೆಯುತ್ತಿದ್ದೇನೆ. ಹಾಗೆಂದು ತಪ್ಪು ಸಣ್ಣದಾಯಿತು ಎಂದಲ್ಲ. ಅದು ಎಷ್ಟಿತ್ತೋ ಅಷ್ಟೇ ಇದೆ.

ನಾವು ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊಗೆ ಬಂದದ್ದು ಎರಡು ಸಾವಿರದ ಒಂದರಲ್ಲಿ. ನನ್ನ ಗಂಡ ನಾಗರಾಜ್‌ಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ. ನನಗೆ ಡಿಪೆಂಡೆಂಟ್ ವೀಸಾ — ಅಂದರೆ ಇರಬಹುದು, ದುಡಿಯುವಂತಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ಇಲ್ಲಿ ಮಗಳು ಅನಘಾಳನ್ನು ಸ್ಟ್ರಾಲರಿನಲ್ಲಿ ತಳ್ಳುತ್ತಾ, ಯಾರಾದರೂ ‘ನೀವೇನು ಮಾಡ್ತೀರಿ’ ಎಂದು ಕೇಳಿದರೆ ನಗುತ್ತಾ ಮಾತು ತಿರುಗಿಸುತ್ತಿದ್ದೆ. ಹೀಗೇ ಕೆಲವು ವರ್ಷ ಕಳೆದ ಮೇಲೆ ನಮ್ಮ ಹತ್ತಿರದ ಗ್ರಂಥಾಲಯದಲ್ಲಿ ಸ್ಥಳೀಯ ಇತಿಹಾಸದ ಒಂದು ಕೋಣೆ ಇರುವುದು ತಿಳಿಯಿತು. ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡಬಹುದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಎಂಬ ನಿವೃತ್ತ ಶಾಲಾ ಟೀಚರು. ಹಳೆಯ ಫೋಟೋಗಳ ಧೂಳು ಒರೆಸುವ ಕೆಲಸ ಸಿಕ್ಕಿದರೂ ಸಾಕು ಎಂದುಕೊಂಡು ಹೋದವಳಿಗೆ ಆಕೆ ಒಂದು ಇಡೀ ಗೋಡೆಯನ್ನೇ ಕೊಟ್ಟರು. ಕ್ಯಾಲಿಫೋರ್ನಿಯದ ಈ ದಕ್ಷಿಣದ ಮೂಲೆಗೆ ಹೊರಗಿನಿಂದ ಬಂದು ನೆಲೆ ನಿಂತವರ ಬಗ್ಗೆ ಒಂದು ಪ್ರದರ್ಶನವಾಗಬೇಕು, ಅದರಲ್ಲಿ ಭಾರತದವರ ಗೋಡೆ ನಿನ್ನದು ಎಂದರು. ಅವತ್ತು ಮನೆಗೆ ಬಂದು ನಾಗರಾಜ್‌ಗೆ ಹೇಳುವಾಗ ನನ್ನ ಧ್ವನಿಯೇ ಬೇರೆಯಾಗಿತ್ತಂತೆ. ‘ಸೈಟ್ ತಗೊಂಡೋರ ಥರ ಮಾತಾಡ್ತಿದ್ದೀಯ’ ಎಂದು ರೇಗಿಸಿದ.

ಗೋಡೆಯೇನೋ ಸಿಕ್ಕಿತು, ತುಂಬಿಸಲು ಏನಿತ್ತು? ಪುಸ್ತಕಗಳಲ್ಲಿ ಒಂದಿಷ್ಟು ಓದಿದೆ. ಸ್ಯಾನ್ ಡಿಯಾಗೋದ ಗುಡ್ಡಗಳನ್ನು ದಾಟಿ ಪೂರ್ವಕ್ಕಿಳಿದರೆ ಸಿಗುವ ಇಂಪೀರಿಯಲ್ ಕಣಿವೆಗೆ ಕಳೆದ ಶತಮಾನದ ಆರಂಭದಲ್ಲೇ ಪಂಜಾಬಿನ ರೈತರು ಬಂದು ಹತ್ತಿ, ಕರಬೂಜ ಬೆಳೆದಿದ್ದರು. ಆಗಿನ ಕಾನೂನು ಏಷ್ಯಾದವರಿಗೆ ಭೂಮಿ ಕೊಳ್ಳಲು ಬಿಡುತ್ತಿರಲಿಲ್ಲ. ಊರಿನಿಂದ ಹೆಂಡತಿಯನ್ನು ಕರೆತರುವುದೂ ಆಗುತ್ತಿರಲಿಲ್ಲ. ಅಲ್ಲಿನ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ, ಗುರುದ್ವಾರವನ್ನೂ ಚರ್ಚನ್ನೂ ಒಂದೇ ಮನೆಯೊಳಗೆ ಸಂಭಾಳಿಸಿಕೊಂಡು ಬದುಕಿದವರು ಅವರು. ಇದೆಲ್ಲ ಪುಸ್ತಕದಲ್ಲಿತ್ತು. ಆದರೆ ಅವರಲ್ಲೊಬ್ಬರ ಬಾಯಿಂದಲೇ ಬಂದ ಮಾತು ಇದೆಯೇ ಎಂದು ಮಾರ್ಗರೆಟ್ ಕೇಳುತ್ತಿದ್ದರು. ಎಲ್ಲಿಂದ ತರಲಿ? ಆ ತಲೆಮಾರು ಹೋಗಿ ಎಷ್ಟೋ ಕಾಲವಾಗಿತ್ತು.

ಅದು ಸಿಕ್ಕಿದ್ದು ಖೈರುನ್ನಿಸಾ ಆಂಟಿಯ ಹತ್ತಿರ.

ಆಂಟಿ ಮೈಸೂರಿನವರು, ಲಷ್ಕರ್ ಮೊಹಲ್ಲಾದ ಮಗಳು. ಗಂಡ ಅನ್ವರ್ ಸಾಹೇಬರು ಎಪ್ಪತ್ತರ ದಶಕದಿಂದ ಸ್ಯಾನ್ ಪೀಡ್ರೊ ಬಂದರಿನ ಬಳಿ ಹಡಗಿನ ಸರಕಿನ ಕಾಗದಪತ್ರ ನೋಡುವ ಆಫೀಸಿನಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಆಂಟಿ ಲಾಸ್ ಏಂಜಲೀಸಿನ ಉತ್ತರಕ್ಕೆ, ಪೋರ್ಟರ್ ರ್ಯಾಂಚ್‌ನಲ್ಲಿ ಮಗನ ಮನೆಯಲ್ಲಿದ್ದರು. ಯುಗಾದಿಯ ದಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು. ಒಬ್ಬಟ್ಟಿಗೆ ತುಪ್ಪ ಕಡಿಮೆಯಾಯಿತು ಎಂದು ಬಡಿಸುವವರನ್ನು ಮೈಸೂರು ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡ ರೀತಿಗೇ ನಾನು ಅವರ ಅಭಿಮಾನಿಯಾಗಿಬಿಟ್ಟೆ. ಊಟ ಮಾಡುತ್ತಾ ನನ್ನ ಗೋಡೆಯ ವಿಷಯ ಹೇಳಿದೆ. ಆಂಟಿ ಕೈ ತೊಳೆದುಕೊಂಡು ಬಂದು ಕುಳಿತು, ನಮ್ಮವರು ಅಂಥ ಒಬ್ಬರನ್ನು ಮಾತಾಡಿಸಿ ಟೇಪ್ ಮಾಡಿದ್ದರಲ್ಲ ಎಂದರು.

ಇಂದರ್ ಸಿಂಗ್ ಎಂಬ ಅಜ್ಜ. ಕರಬೂಜದ ಲೋಡಿನ ವ್ಯವಹಾರದಲ್ಲಿ ಅನ್ವರ್ ಸಾಹೇಬರಿಗೆ ಅವರ ಪರಿಚಯವಾಗಿತ್ತು. ಎಂಬತ್ತರ ದಶಕದ ಒಂದು ಭಾನುವಾರ ಗಂಡಹೆಂಡತಿ ಇಬ್ಬರೂ ಇಂಪೀರಿಯಲ್ ಕಣಿವೆಯ ಅವರ ಮನೆಗೆ ಹೋಗಿ, ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಅಜ್ಜನ ಕಥೆಯನ್ನು ಹೇಳಿಸಿದ್ದರು. ಅದಾಗಿ ಕೆಲವೇ ತಿಂಗಳಲ್ಲಿ ಅಜ್ಜ ಹೋದರು.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಪೋರ್ಟರ್ ರ್ಯಾಂಚ್‌ಗೆ ಹೋಗಿ ನಾನೇ ಅದನ್ನು ತಂದೆ. ಹಳೆಯ ಬೂದು ಬಣ್ಣದ ಕ್ಯಾಸೆಟ್ಟು, ಒಂದೇ ಬದಿ ತುಂಬಿತ್ತು, ಚೀಟಿ ಎಂದೋ ಕಿತ್ತುಹೋಗಿತ್ತು. ಆಂಟಿ ಅದನ್ನು ಒಂದು ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ಫೋಟೋ, ವಿಡಿಯೋ ಎಲ್ಲದರಲ್ಲೂ ಕ್ಯಾಮೆರಾ ಹಿಡಿದವರು ಅನ್ವರ್ ಸಾಹೇಬರೇ ಆದ್ದರಿಂದ ಅವರು ಎಲ್ಲೂ ಇಲ್ಲ ಎಂದು ನಗುತ್ತಾ ಹೇಳಿದರು. ಆಮೇಲೆ ನಗು ನಿಲ್ಲಿಸಿ ಹೇಳಿದ ಮಾತು ಇದು:

“ಇದ್ರಲ್ಲಿ ನಮ್ಮವ್ರ ಧ್ವನಿ ಇದೆ ಕಣಮ್ಮ. ಬೇರೆಲ್ಲೂ ಇಲ್ಲ. ಕೆಲ್ಸ ಆದ್ಮೇಲೆ ವಾಪಸ್ ಕೊಟ್ಬಿಡು.”

ಮಾರ್ಗರೆಟ್ ಹೇಳಿದ್ದು ಇನ್ನೂ ಸ್ಪಷ್ಟವಾಗಿತ್ತು. ಮೊದಲು ಕಾಪಿ ಮಾಡಿಸು, ಆಮೇಲೆ ಕೇಳು. ನಾನು ಮೊದಲು ಕೇಳಲು ಕುಳಿತೆ. ಶುರುವಿನ ಸ್ವಲ್ಪ ಭಾಗ ಮಾತ್ರ — ಅಜ್ಜ ಹಡಗಿನಿಂದ ಇಳಿದದ್ದು, ಪೇಟ ನೋಡಿ ಬಂದರಿನ ಹುಡುಗರು ನಕ್ಕಿದ್ದು, ರೈಲು ಹಳಿಯ ಕೆಲಸಕ್ಕೆ ಸೇರಿದ್ದು. ಅನ್ವರ್ ಸಾಹೇಬರು ನಡುನಡುವೆ ದಖನಿ ಉರ್ದುವಿನಲ್ಲಿ ಮೆಲ್ಲಗೆ ಪ್ರಶ್ನೆ ಕೇಳುತ್ತಿದ್ದರು. ಇಷ್ಟು ಚೆನ್ನಾಗಿರುವುದನ್ನು ಹೀಗೆ ಗಡಿಬಿಡಿಯಲ್ಲಿ ಕೇಳಬಾರದು, ಒಂದು ದಿನ ಪುರಸೊತ್ತಾಗಿ ಕುಳಿತು ಟಿಪ್ಪಣಿ ಮಾಡಿಕೊಂಡು ಕೇಳಬೇಕು ಎಂದು ನಿಲ್ಲಿಸಿದೆ. ಆ ಪುರಸೊತ್ತಿನ ದಿನ ಬರಲೇ ಇಲ್ಲ. ಕಾಪಿ ಮಾಡಿಸುವ ದಿನವೂ ಬರಲಿಲ್ಲ. ಕರ್ಚೀಫನ್ನು ಒಗೆಯಲು ಹಾಕಿದೆ. ಕ್ಯಾಸೆಟ್ಟು ನಮ್ಮ ಕ್ಯಾಸೆಟ್ಟುಗಳ ಡಬ್ಬ ಸೇರಿತು.

ಇನ್ನು ಮುಂದಿನದನ್ನು ಹೇಗೆ ಹೇಳಲಿ — ನಮ್ಮ ಪೀಳಿಗೆಯವರಿಗೆ ಅರ್ಥವಾಗುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಇನ್ನೇನೂ ರೆಕಾರ್ಡ್ ಆಗುತ್ತಿರಲಿಲ್ಲ; ಇದನ್ನು ಮುಟ್ಟಬೇಡಿ ಎಂಬ ಕಟ್ಟಪ್ಪಣೆ ಅದು. ನಾವು ಬೆಂಗಳೂರಿನಲ್ಲಿ ಅಂಥ ಅಪ್ಪಣೆಗೆಲ್ಲ ಬಗ್ಗುವವರೇ? ಅಂಗಡಿಯಿಂದ ತಂದ ಕ್ಯಾಸೆಟ್ಟು ಬೇಜಾರಾದರೆ ಆ ತೂತಿಗೆ ಕಾಗದದ ಉಂಡೆ ತುರುಕಿ, ಅದರ ಮೇಲೆ ರೇಡಿಯೋ ಹಾಡನ್ನೋ ಅಣ್ಣನ ಭಾಷಣವನ್ನೋ ತುಂಬುತ್ತಿದ್ದೆವು. ಹೊಸ ಕ್ಯಾಸೆಟ್ಟು ಕೊಳ್ಳುವುದು ನಮ್ಮ ಮನೆಯಲ್ಲಿ ದುಂದುಗಾರಿಕೆ ಎನಿಸಿಕೊಳ್ಳುತ್ತಿತ್ತು.

ಅಕ್ಟೋಬರ್ ತಿಂಗಳು. ನವೆಂಬರಿನ ರಾಜ್ಯೋತ್ಸವಕ್ಕೆ ಸಂಘದ ಮಕ್ಕಳ ಡ್ಯಾನ್ಸು. ಅನಘಾಳ ಹಾಡು ಸೀಡಿಯಲ್ಲಿತ್ತು, ನಮ್ಮ ಹಳೆಯ ಕಾರಿನಲ್ಲಿ ಕ್ಯಾಸೆಟ್ಟು ಮಾತ್ರ ಓಡುತ್ತಿತ್ತು. ಶಾಲೆಗೆ ಹೋಗಿಬರುವಾಗ ಕೇಳಿಸಿಕೊಂಡರೆ ಹೆಜ್ಜೆ ನೆನಪಿರುತ್ತದೆ ಎಂದು ಡಬ್ಬಕ್ಕೆ ಕೈ ಹಾಕಿ, ಚೀಟಿಯಿಲ್ಲದ ಒಂದನ್ನು ಎತ್ತಿಕೊಂಡೆ. ರೆಕಾರ್ಡ್ ಬಟನ್ ಒತ್ತಲು ಹೋದರೆ ಕೂರಲಿಲ್ಲ. ಕ್ಯಾಸೆಟ್ಟು ತೆಗೆದೆ, ಪೇಪರಿನ ಅಂಚು ಹರಿದು ಉಂಡೆ ಮಾಡಿ ತೂತಿಗೆ ತುರುಕಿದೆ, ಮತ್ತೆ ಹಾಕಿದೆ. ತಲೆ ಎಲ್ಲಿತ್ತೋ! ಬೆರಳುಗಳು ತಾವಾಗಿ ಕೆಲಸ ಮಾಡಿದವು. ಪದೇಪದೇ ರಿವೈಂಡ್ ಮಾಡುವುದು ಬೇಡ ಎಂದು ಅದೇ ಹಾಡನ್ನು ಒಂದರ ಹಿಂದೊಂದು, ಬೇಸರವಾಗುವವರೆಗೂ ತುಂಬಿಸಿದೆ. ಆ ಕಡೆ ಸಾರು ಕುದಿಯುತ್ತಿತ್ತು.

ಗೊತ್ತಾದದ್ದು ಮಾರನೆಯ ದಿನ ಕಾರಿನಲ್ಲಿ. ಮಗಳು ಸೀಟಿನಲ್ಲೇ ಕೈ ತಿರುಗಿಸುತ್ತಾ ಅಭ್ಯಾಸ ಮಾಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಸುಮ್ಮನೆ ಕ್ಯಾಸೆಟ್ಟು ಹೊರತೆಗೆದು ನೋಡಿದೆ. ಬೂದು ಬಣ್ಣ. ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಮಾಡುತ್ತಲೇ ಇದ್ದ. ಇಲ್ಲ, ಇದು ಬೇರೆಯದ್ದಿರಬೇಕು, ಬೇರೆಯದ್ದೇ ಇರಬೇಕು — ಮನೆಗೆ ಬಂದು ಡಬ್ಬವನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ. ಬೇರೆ ಬೂದು ಕ್ಯಾಸೆಟ್ಟು ಇರಲಿಲ್ಲ.

ನಾಗರಾಜ್‌ಗೂ ಹೇಳಲಿಲ್ಲ. ಆಂಟಿಗೆ ಫೋನ್ ಮಾಡಬೇಕೆಂದು ದಿನವೂ ಕೈಗೆತ್ತಿಕೊಳ್ಳುತ್ತಿದ್ದೆ, ದಿನವೂ ಇಡುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ಆಗಿನ್ನೂ ಸುಳ್ಳು ಹೇಳುವ ಯೋಚನೆ ಇರಲಿಲ್ಲ. ಹೇಳುವುದನ್ನು ಮುಂದಕ್ಕೆ ಹಾಕುವ ಯೋಚನೆಯಷ್ಟೇ ಇತ್ತು. ಅಷ್ಟರಲ್ಲಿ ಬೆಂಕಿ ಬಂತು.

ಆ ಅಕ್ಟೋಬರಿನ ಬೆಂಕಿ ನಮ್ಮ ಕಡೆಯವರಿಗೆಲ್ಲ ನೆನಪಿದೆ. ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸಿ, ಗುಡ್ಡದ ಹಿಂದಿನ ಆಕಾಶ ಕೆಂಪಾಗಿ, ಬೆಳಕು ಹರಿಯುವ ಮೊದಲೇ ಮನೆ ಬಿಡಿ ಎಂದು ಫೋನು ಬಂತು. ಪಾಸ್‌ಪೋರ್ಟು, ಮಗಳು, ಎರಡು ಬ್ಯಾಗು. ಹದಿನೈದನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಬಿಡುತ್ತಿರಲಿಲ್ಲ. ಪಶ್ಚಿಮಕ್ಕೆ ಹೋಗಿ ಕಡಲ ಬದಿಯ ಹೆದ್ದಾರಿ ಹಿಡಿದೆವು. ಎಲ್ಲಿಗೆ ಹೋಗುವುದು ಎಂದುಕೊಳ್ಳುವಷ್ಟರಲ್ಲಿ ಆಂಟಿಯೇ ಫೋನ್ ಮಾಡಿದರು. ಟೀವಿಯಲ್ಲಿ ನಮ್ಮ ಊರಿನ ಹೆಸರು ಕೇಳಿದರಂತೆ. ಹೋಟೆಲು ಗೀಟೆಲು ಎಂದರೆ ಜಗಳವಾಗುತ್ತದೆ, ನೆಟ್ಟಗೆ ಮನೆಗೆ ಬನ್ನಿ ಎಂದು ಅಪ್ಪಣೆ ಮಾಡಿದರು. ಹೀಗೆ ನಾನು ಯಾರ ಮುಖ ನೋಡಲಾರೆ ಎಂದುಕೊಂಡಿದ್ದೆನೋ ಅವರ ಮನೆಯ ಡ್ರೈವ್‌ವೇಯಲ್ಲೇ ನಮ್ಮ ಕಾರು ಹೋಗಿ ನಿಂತಿತು. ಕ್ಯಾಸೆಟ್ಟು ಕಾರಿನೊಳಗೇ ಇತ್ತು.

ಮರುದಿನ ಪಕ್ಕದ ಮನೆಯವರು ನಾಗರಾಜ್‌ಗೆ ಸುದ್ದಿ ಕೊಟ್ಟರು. ಮನೆ ನಿಂತಿದೆ, ಗರಾಜು ಮತ್ತು ಅದರ ಮೇಲಿನ ಕೋಣೆ ಹೋಗಿದೆ. ಆ ಕೋಣೆಯಲ್ಲೇ ನನ್ನ ಗ್ರಂಥಾಲಯದ ಕೆಲಸದ ಸಾಮಾನೆಲ್ಲ ಇದ್ದದ್ದು; ಕ್ಯಾಸೆಟ್ಟನ್ನು ತಂದಾಗ ಮೊದಲು ಇಟ್ಟದ್ದೂ ಅಲ್ಲೇ. ನಾನು ಆಂಟಿಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಸಿದೆ. ಆಂಟಿ ಬೆನ್ನು ಸವರುತ್ತಾ ನಿಂತರು. ಆಗ, ಯಾರೂ ಕೇಳದೆ, ಯಾರೂ ಒತ್ತಾಯಿಸದೆ, ನನ್ನ ಬಾಯಿಂದ ಬಂತು:

“ಆಂಟಿ… ಕ್ಯಾಸೆಟ್ ಆ ರೂಮ್‌ನಲ್ಲೇ ಇತ್ತು.”

ಸುಟ್ಟುಹೋಯಿತು ಎಂದು ನಾನು ಹೇಳಲಿಲ್ಲ. ಎಷ್ಟು ಜಾಣೆ ನೋಡಿ. ಆ ರೂಮಿನಲ್ಲಿ ಅದು ಒಂದು ಕಾಲದಲ್ಲಿ ಇದ್ದದ್ದು ನಿಜವೇ ಅಲ್ಲವೇ? ಎಷ್ಟೋ ತಿಂಗಳು ಆ ಒಂದು ‘ಇತ್ತು’ವಿನ ಮೇಲೆ ನನ್ನ ಮನಸ್ಸಾಕ್ಷಿಯನ್ನು ಮಲಗಿಸಿದ್ದೆ. ಆಂಟಿಯ ಕೈ ನನ್ನ ಬೆನ್ನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸವರತೊಡಗಿತು. ಹೋಗಲಿ ಬಿಡು, ಜೀವ ಉಳಿಯಿತಲ್ಲ ಎಂದರು. ಒಳಗೆ ಹೋಗಿ ಬಹಳ ಹೊತ್ತು ನಮಾಜ್ ಮಾಡಿ ಬಂದರು. ಬಂದಾಗ ಕಣ್ಣು ಕೆಂಪಾಗಿತ್ತು. ಅನಘಾಳಿಗೆ ಏನು ತಿಂಡಿ ಮಾಡಲಿ ಎಂದು ಕೇಳಿದರು.

ಇದಕ್ಕಿಂತ ಕೆಟ್ಟದ್ದು ಅದೇ ಸಂಜೆ ಆಯಿತು. ಮನೆಯೊಳಗೆ ಕೂತು ಬೇಸರವಾದ ಮಗಳು ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತೇನೆ ಎಂದು ಕಾರಿನ ಬಾಗಿಲು ತೆಗೆಸಿ ಕ್ಯಾಸೆಟ್ಟು ಹಾಕಿಸಿದಳು. ಕೀ ತಿರುಗಿಸಿಕೊಟ್ಟವನು ನಾಗರಾಜ್, ಅವನಿಗೇನು ಗೊತ್ತು. ಡ್ರೈವ್‌ವೇಯಲ್ಲಿ ಕನ್ನಡ ನಾಡಿನ ಹಾಡು ಜೋರಾಗಿ ಬರುತ್ತಿದೆ, ಮಗು ಕುಣಿಯುತ್ತಿದೆ, ಆಂಟಿ ಚಹಾ ಲೋಟ ಹಿಡಿದು ಹೊರಗೆ ಬಂದು ನಿಂತರು. ಹಾಡು ಮುಗಿದು ಮತ್ತೆ ಅದೇ ಶುರುವಾದಾಗ ಲೋಟ ಕೆಳಗಿಟ್ಟು ತಾಳ ಹಾಕತೊಡಗಿದರು. ಗಂಡನ ಧ್ವನಿಯನ್ನು ಅಳಿಸಿದ ಹಾಡಿಗೆ ಆಂಟಿ ತಾಳ ಹಾಕುತ್ತಿದ್ದರು, ನಾನು ಕಿಟಕಿಯಿಂದ ನೋಡುತ್ತಿದ್ದೆ. ಓಡಿಹೋಗಿ ಕಾಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಸುಳ್ಳಿಗೆ ನಾನು ಮಾಡಬೇಕಾದ ಕೆಲಸವೇನೂ ಉಳಿಯಲಿಲ್ಲ. ಅದು ತಾನೇ ಓಡಾಡಿತು. ಸಂಘದವರು ಬಂದು ಗರಾಜು ನೋಡಿ, ಸಾಮಾನು ಹೋದರೆ ಹೋಗಲಿ, ಆ ಕ್ಯಾಸೆಟ್ಟು ಹೋದದ್ದೇ ಸಂಕಟ ಎಂದರು. ಆಂಟಿ ಮಗನ ಕೈಲಿ ಬಿರಿಯಾನಿ ಡಬ್ಬ ಕಳಿಸುತ್ತಿದ್ದರು. ಡಬ್ಬವನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ನಾನು ಕೊಬ್ಬರಿ ಮಿಠಾಯಿ ತುಂಬಿ ಕಳಿಸುತ್ತಿದ್ದೆ. ಅವರು ಮತ್ತೆ ಏನಾದರೂ ತುಂಬಿ ಕಳಿಸುವರು. ಮಾರ್ಗರೆಟ್ ಮಾತ್ರ ಒಂದೇ ಒಂದು ಸಲ ಕೇಳಿದರು, ಕಾಪಿ? ಇಲ್ಲ ಎಂದೆ. ಆಕೆ ಮುಖ ತಿರುಗಿಸಿಕೊಂಡರು.

ಕ್ಯಾಸೆಟ್ಟನ್ನು ಎಸೆಯಲು ಆಗಲಿಲ್ಲ. ಕಾರಿನ ಗ್ಲವ್ ಬಾಕ್ಸಿನ ತಳದಲ್ಲಿ, ಇನ್ಶೂರೆನ್ಸ್ ಕಾಗದಗಳ ಕೆಳಗೆ ಇಟ್ಟೆ. ರಾಜ್ಯೋತ್ಸವ ಮುಗಿದ ಮೇಲೆ ಅದನ್ನು ಯಾರೂ ಕೇಳಲಿಲ್ಲ.

ಪ್ರದರ್ಶನ ತಯಾರಾದದ್ದು ಎರಡು ಸಾವಿರದ ಎಂಟರ ಶರತ್ಕಾಲದಲ್ಲಿ. ನನ್ನ ಗೋಡೆಯ ಮೇಲೆ ಇಂದರ್ ಸಿಂಗ್ ಅಜ್ಜನ ಒಂದು ಫೋಟೋ — ಆಂಟಿ ಕೊಟ್ಟದ್ದು — ಮತ್ತು ಅದರ ಕೆಳಗೆ ಮಾರ್ಗರೆಟ್ ಬರೆಸಿದ ಕಾರ್ಡು. ಇವರ ಸಂದರ್ಶನದ ಏಕೈಕ ಧ್ವನಿಮುದ್ರಣ ಕಳೆದ ವರ್ಷದ ಬೆಂಕಿಯಲ್ಲಿ ನಾಶವಾಯಿತು ಎಂದು ಅದರಲ್ಲಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆಡಿದ ಅರ್ಧ ವಾಕ್ಯ ಈಗ ಈ ರಾಜ್ಯದ ಇತಿಹಾಸವಾಗಿ ಗೋಡೆಯ ಮೇಲೆ ನಿಂತಿತ್ತು. ಇತಿಹಾಸ ಪಾಠ ಮಾಡಿದವಳು ನಾನು. ಹೀಗೂ ಆಗುತ್ತದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಎಚ್ಚರಿಕೆ ಹೇಳಿದ್ದವಳು.

ಇಲ್ಲಿನ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಕ್ಯಾಲಿಫೋರ್ನಿಯದ ಇತಿಹಾಸ. ಅನಘಾ ಆಗ ನಾಲ್ಕನೆಯದರಲ್ಲಿದ್ದಳು. ಪ್ರತಿಯೊಬ್ಬರೂ ಈ ರಾಜ್ಯದ ಒಬ್ಬ ಮುಖ್ಯ ವ್ಯಕ್ತಿಯ ಬಗ್ಗೆ ಬರೆದು ತರಗತಿಯಲ್ಲಿ ಓದಬೇಕು. ಉಳಿದವರು ಚಿನ್ನ ಹುಡುಕಲು ಬಂದವರನ್ನೂ ಗವರ್ನರುಗಳನ್ನೂ ಆರಿಸಿಕೊಂಡರೆ ನನ್ನ ಮಗಳು ಇಂದರ್ ಸಿಂಗ್ ಅಜ್ಜನನ್ನು ಆರಿಸಿಕೊಂಡಳು. ಪ್ರದರ್ಶನ ತೆರೆಯುವ ಹಿಂದಿನ ದಿನ ಊಟದ ಮೇಜಿನ ಬಳಿ ಬರೆದದ್ದನ್ನು ನನಗೆ ಓದಿ ತೋರಿಸಿದಳು. ಕೊನೆಯಲ್ಲಿ, ಟೇಪು ಬೆಂಕಿಯಲ್ಲಿ ಸುಟ್ಟಿತು, ನನ್ನ ಅಮ್ಮ ಅದಕ್ಕಾಗಿ ತುಂಬಾ ಅತ್ತಳು ಎಂದಿತ್ತು. ಓದಿ ಮುಗಿಸಿ ಕೇಳಿದಳು:

“ಅಮ್ಮಾ, ಈಸ್ ಇಟ್ ಆಲ್ ಟ್ರೂ?”

ಹೌದು ಎನ್ನಲು ಬಾಯಿ ತೆರೆದೆ. ಮಗಳ ಕಣ್ಣು ನನ್ನ ಮೇಲೆಯೇ ಇತ್ತು. ನಾಳೆ ಹೇಳುತ್ತೇನೆ ಮಗಳೇ, ಅದಕ್ಕೂ ಮೊದಲು ಇನ್ನೊಬ್ಬರಿಗೆ ಹೇಳಬೇಕು ಎಂದೆ. ಮಲಗುವ ಮುಂಚೆ ನಾಗರಾಜ್‌ಗೆ ಹೇಳಿದೆ. ಅವನು ಹೇಳಿದ್ದು ಇಷ್ಟೇ: ಆವತ್ತು ಕೀ ತಿರುಗಿಸಿದವನು ನಾನು, ನನಗಾದರೂ ಹೇಳಬಾರದಿತ್ತೇ. ಅವನಿಗೂ ಮೋಸ ಮಾಡಿದ್ದೆ ಎಂಬುದು ಆಗ ಹೊಳೆಯಿತು.

ಮಾರನೆಯ ಬೆಳಿಗ್ಗೆ ಆಂಟಿಯನ್ನು ಮಗ ನಮ್ಮ ಮನೆಗೆ ಬಿಟ್ಟುಹೋದ. ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಅವರೇ ಅವತ್ತಿನ ಮುಖ್ಯ ಅತಿಥಿ. ನಾವಿಬ್ಬರೇ ಕಾರಿನಲ್ಲಿ ಹೊರಟೆವು. ಗ್ರಂಥಾಲಯದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಸೀಟ್ ಬೆಲ್ಟು ಬಿಚ್ಚದೆ ಹೇಳಿದೆ:

“ಆಂಟಿ, ಕ್ಯಾಸೆಟ್ ಸುಟ್ಟಿಲ್ಲ. ನಾನೇ ಅಳಿಸ್ಬಿಟ್ಟೆ. ಬೆಂಕಿಗೆ ಮುಂಚೇನೇ.”

ಉಳಿದದ್ದನ್ನು ಎಲ್ಲ ಹೇಳಿದೆ. ಕಾಗದದ ಉಂಡೆ, ಹಾಡು, ಡ್ರೈವ್‌ವೇ, ತಾಳ. ಆಂಟಿ ಎದುರಿನ ಗಾಜಿನಾಚೆ ನೋಡುತ್ತಾ ಕುಳಿತಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಸಾಕು ಎನಿಸಿತ್ತು. ಅವರು ಮಾತಾಡಿದಾಗ ಧ್ವನಿ ಏರಲೇ ಇಲ್ಲ.

“ಅಲ್ಲಾಹ್‌ನ ಇಚ್ಛೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನೀನ್ ಮಾಡಿದ್ದನ್ನ ಅವನ ತಲೆಗೆ ಕಟ್ಬಿಟ್ಯಲ್ಲಮ್ಮ. ಈಗ ಆ ಸಮಾಧಾನ ಇಟ್ಕೊಂಡು ನಾನೇನ್ ಮಾಡ್ಲಿ?”

ಕ್ಯಾಸೆಟ್ಟನ್ನು ನಾನು ಕಸಿದೆ ಎಂದಷ್ಟೇ ತಿಳಿದಿದ್ದೆ; ಅದರ ಜೊತೆ ಅವರ ಒಂದು ವರ್ಷದ ಪ್ರಾರ್ಥನೆಯನ್ನೂ ಸುಳ್ಳಿನ ಮೇಲೆ ನಿಲ್ಲಿಸಿದ್ದೆ. ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು.

ಅದೆಲ್ಲಿದೆ ಎಂದು ಆಂಟಿ ಕೇಳಿದರು. ಗ್ಲವ್ ಬಾಕ್ಸು ತೆಗೆದು ಕೊಟ್ಟೆ. ತೂತಿನಲ್ಲಿದ್ದ ಕಾಗದದ ಉಂಡೆಯನ್ನು ಉಗುರಿನಿಂದ ಕಿತ್ತು ಕೈಯಲ್ಲಿಟ್ಟುಕೊಂಡು, ಹಾಕು ಎಂದರು. ಬೇಡ ಆಂಟಿ, ಬರೀ ಅದೇ ಹಾಡು ಎಂದೆ. ಹಾಕು ಎಂದರು.

ರೇಷ್ಮೆ ಸೀರೆಯ ಆಂಟಿ, ಸ್ಟೀರಿಂಗ್ ಹಿಡಿದು ಕುಳಿತ ನಾನು. ಹಾಡು ಮುಗಿದು ಮತ್ತೆ ಶುರುವಾಯಿತು, ಮುಗಿದು ಮತ್ತೆ ಶುರುವಾಯಿತು. ಪ್ರದರ್ಶನಕ್ಕೆ ಬಂದವರು ನಮ್ಮನ್ನು ನೋಡುತ್ತಾ ಒಳಗೆ ಹೋಗುತ್ತಿದ್ದರು. ನಿಲ್ಲಿಸಲು ಕೈ ಚಾಚಿದರೆ ಆಂಟಿ ನನ್ನ ಕೈ ಸರಿಸಿದರು. ಕೊನೆಯ ಸಲ ಹಾಡು ನಿಂತ ಮೇಲೆ ಟಕ್ ಎಂದು ಒಂದು ಸದ್ದು. ಆಮೇಲೆ ಒಂದು ಕೋಣೆಯ ಗಲಗಲ, ಪಾತ್ರೆಯ ಸದ್ದು, ದೂರದಲ್ಲಿ ಸ್ಪ್ಯಾನಿಷ್‌ನಲ್ಲಿ ಯಾರೋ ಹೆಂಗಸು ಯಾರನ್ನೋ ಕೂಗಿದ್ದು. ಟೇಪು ಮುಗಿಯಲು ಇನ್ನು ಕೊಂಚವೇ ಇದ್ದಾಗ ಅನ್ವರ್ ಸಾಹೇಬರು ತೀರಾ ಹತ್ತಿರದಲ್ಲಿ, ಆ ಮನೆಯ ಜನಕ್ಕೆ ಅರ್ಥವಾಗದಿರಲೆಂದು ಕನ್ನಡದಲ್ಲಿ, ಪಿಸುಮಾತಾಡಿದರು:

“ಖೈರೂ, ಏಳು. ಇನ್ನೂ ಕೂತ್ರೆ ಊಟ ಹಾಕ್ದೆ ಬಿಡಲ್ಲ ಇವ್ರು.”

“ಹಾಕ್ಲಿ ಬಿಡಿ, ನಂಗೆ ಹಸಿವಾಗಿದೆ,” ಎಂದಿತು ಒಂದು ಎಳೆಯ ಧ್ವನಿ. ಇಬ್ಬರೂ ನಕ್ಕರು. ಟೇಪು ಮುಗಿಯಿತು.

ಒಂದು ವರ್ಷದಿಂದ ಅದು ಅಲ್ಲೇ ಇತ್ತು. ಹಾಡಿನ ಆಚೆಗೆ ಏನಿದೆ ಎಂದು ಕೇಳುವ ಧೈರ್ಯ ನನಗೆ ಒಂದು ದಿನವೂ ಬಂದಿರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಂಟಿ ಅಳುತ್ತಲೂ ನಗುತ್ತಲೂ ಇದ್ದರು. ಅವತ್ತು ನಿಜಕ್ಕೂ ಹಸಿವಾಗಿತ್ತಂತೆ. ಇಂದರ್ ಸಿಂಗ್ ಅಜ್ಜನ ಮೆಕ್ಸಿಕನ್ ಹೆಂಡತಿ, ಲೂಪೆ ಎಂಬ ಅಜ್ಜಿ ಮಾಡಿದ ರೊಟ್ಟಿ ಎಷ್ಟು ತಿಂದರೂ ಸಾಲದಾಗಿತ್ತಂತೆ. ರಿವೈಂಡ್ ಮಾಡಿಸಿ ಮತ್ತೆ ಕೇಳಿದರು. ಆಮೇಲೆ ಕ್ಯಾಸೆಟ್ಟನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡರು.

ಇನ್ನು ಎಲ್ಲ ಸರಿಹೋಯಿತು ಎಂದು ಮೂಗು ಒರೆಸಿಕೊಳ್ಳುತ್ತಿದ್ದವಳನ್ನು ಆಂಟಿ ತಡೆದರು.

“ನಂದು ಒಂಚೂರು ಉಳೀತು. ಆ ಅಜ್ಜಂದು ಹೋಯ್ತಲ್ಲ. ಅದಕ್ಕೆ ನನ್ ಹತ್ರ ಮಾಫಿ ಕೇಳ್ಬೇಡ. ಒಳಗೆ ಹೋಗಿ ಹೇಳು.”

ಹೋಗಿ ಹೇಳಿದೆ. ಮಾರ್ಗರೆಟ್ ಕೇಳಿಸಿಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಬೀಗದ ಕೈ ತಂದು ಕಾರ್ಡನ್ನು ಗಾಜಿನೊಳಗಿಂದ ತೆಗೆದರು. ಹೊಸ ಕಾರ್ಡಿನಲ್ಲಿ ಹೆಸರು ಬೇಕಿಲ್ಲ, ಒಬ್ಬ ಸ್ವಯಂಸೇವಕಿಯ ಕೈತಪ್ಪಿನಿಂದ ಅಳಿಸಿಹೋಯಿತು ಎಂದರೆ ಸಾಕು ಎಂಬುದು ಅವರ ಅಭಿಪ್ರಾಯವಾಗಿತ್ತು. ನಾನು ನನ್ನ ಹೆಸರು ಹಾಕಿದೆ, ಶೈಲಜಾ ನಾಗರಾಜ್. ನೀವು ನಂಬುತ್ತೀರೋ ಇಲ್ಲವೋ, ಆ ದಿನ ಮಧ್ಯಾಹ್ನ ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡೆ. ಆಂಟಿ ಮಾತ್ರ ಕೆಲವು ತಿಂಗಳು ನನ್ನೊಡನೆ ಅಳೆದು ತೂಗಿ ಮಾತಾಡಿದರು, ಡಬ್ಬಗಳು ನಿಂತವು. ಅದು ಅವರ ಹಕ್ಕು, ನಾನು ದೂರಲಿಲ್ಲ. ಮುಂದೆ ಮತ್ತೆ ಬರತೊಡಗಿದವು, ಆದರೆ ಅದು ನನ್ನ ಪುಣ್ಯವಲ್ಲ, ಅವರ ದೊಡ್ಡತನ.

ಅನಘಾಳಿಗೆ ಹೇಳಿದಾಗ ಅವಳು ನನ್ನನ್ನು ದಿಟ್ಟಿಸಿ ನೋಡಿ, ಸೋ ಇಟ್ ವಾಸ್ ಯು ಎಂದಳು. ಹೌದು ಎಂದೆ. ಕೊನೆಯ ಸಾಲುಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಬೇಕಾದರೆ ನೀನು ಕ್ಲಾಸಿಗೆ ಬರಬಹುದು, ಬರದಿದ್ದರೂ ಪರವಾಗಿಲ್ಲ ಎಂದಳು. ಹೋದೆ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೆ.

ಅವಳು ಸ್ಪಷ್ಟವಾಗಿ ಓದಿದಳು — ಹಡಗು, ಪೇಟ, ರೈಲು ಹಳಿ. ಇದರ ಮುಂದಿನ ಟೇಪನ್ನು ನನ್ನ ಅಮ್ಮ ಅಳಿಸಿದಳು, ಬೆಂಕಿಯಲ್ಲ. ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿ ನನ್ನನ್ನೇ ಕೇಳಿದಳು. ರೈಲು ಹಳಿಯ ಕೆಲಸ ಆದಮೇಲೆ ಆ ಅಜ್ಜ ಏನು ಮಾಡಿದ, ಅವನೇ ಅದನ್ನು ಹೇಗೆ ಹೇಳಿದ?

ನನಗೆ ಗೊತ್ತಿಲ್ಲ ಎಂದೆ. ಪುಸ್ತಕದಲ್ಲಿರುವುದನ್ನು ಹೇಳಬಲ್ಲೆ, ಅವರು ಹೇಳಿದ್ದನ್ನು ಇನ್ನು ಯಾರೂ ಹೇಳಲಾರರು. ನಾನು ಕೇಳುವ ಮೊದಲೇ ಅಳಿಸಿಬಿಟ್ಟೆ.